ಮುಖದಲ್ಲಿ ಕಾಣದ ಅಳು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುತ್ತ ಹೋಗುವ ಮನಸ್ಸಿನ ಕಾಯಿಲೆ, ಕುರಿತು ಬಂದ ಲೇಖನವನ್ನು ಓದಿದೆ. ಈ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ ಇರುವಾಗ ಅದಕ್ಕೆ ಅರ್ಧ ಪುಟ ಸಿಕ್ಕಿದ್ದು ಸಂತೋಷದ ಸಂಗತಿ. ಆದರೆ ಲೇಖಕರು ಅದನ್ನು ‘ತೆಳ್ಳಗಾಗುವ ಹುಚ್ಚು’ ಎಂದು ಕರೆದು, ಇಂಥ ಮಕ್ಕಳು ಹೆತ್ತವರ ಕಣ್ಣೀರಿಗೂ ಕರಗದ ಹಟಮಾರಿಗಳು ಎಂದು ತೀರ್ಪು ಕೊಟ್ಟಿದ್ದು ಸರಿಯೆನಿಸಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ತಿಳಿದಿದ್ದವಳು, ಆದ್ದರಿಂದ ಈ ಪತ್ರ.

ನನ್ನ ತಂಗಿಯ ಮಗಳು ಪಿಯುಸಿ ಓದಲು ನಮ್ಮ ಮನೆಯಲ್ಲಿದ್ದಳು. ಮೊದಲು ಏಕಾದಶಿ ಹಿಡಿದಳು, ಅದಕ್ಕೆ ಸಂಕಷ್ಟಿ ಸೇರಿತು, ಆಮೇಲೆ ಪ್ರತಿ ಗುರುವಾರ. ಈ ವಯಸ್ಸಿಗೇ ಎಂಥ ಶ್ರದ್ಧೆ ಎಂದು ನೆಂಟರ ಮುಂದೆ ನಾನೇ ಹೇಳಿಕೊಂಡದ್ದುಂಟು. ಉಪವಾಸವಿಲ್ಲದ ದಿನ ಒಂದು ದೋಸೆಯನ್ನು ಉಗುರಿನಷ್ಟು ಚೂರು ಮಾಡಿ, ಚಟ್ನಿಯ ಒಗ್ಗರಣೆಯ ಕರಿಬೇವನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತ ಮುಕ್ಕಾಲು ಗಂಟೆ ಕೂರುತ್ತಿದ್ದಳು. ಕೇಳಿದರೆ ‘ನನಗೇನೂ ಆಗಿಲ್ಲ ದೊಡ್ಡಮ್ಮ’ ಎನ್ನುವ ಒಂದೇ ಮಾತು. ಆ ವರ್ಷವೇ ನಮ್ಮ ತಂದೆ ತೀರಿಕೊಂಡರು. ಅವಳನ್ನು ಹೆಗಲ ಮೇಲೆ ಹೊತ್ತು ತೇರು ತೋರಿಸಿದ ಅಜ್ಜ. ಅವರ ದೇಹವನ್ನು ಅಂಗಳದಲ್ಲಿ ಮಲಗಿಸಿದ್ದಾಗ ಈ ಹುಡುಗಿ ಬಸ್ಸಿಗೆ ಕಾಯುವವಳ ಹಾಗೆ ಗೋಡೆಗೊರಗಿ ನಿಂತಿದ್ದಳು. ‘ಕಲ್ಲು ಮನಸ್ಸಿನವಳು’ ಎಂದು ನಮ್ಮ ಸೋದರತ್ತೆ ಅಂದರು, ನಾನು ಬಾಯಿಬಿಟ್ಟು ಹೇಳದೆ ಹೌದೆಂದುಕೊಂಡೆ. ಚೇತರಿಸಿಕೊಂಡ ಮೇಲೆ ಒಂದು ಸಂಜೆ ಅವಳೇ ಆ ದಿನದ ಮಾತೆತ್ತಿ ‘ಅಳು ಬರ್ತಿತ್ತು ದೊಡ್ಡಮ್ಮ, ಮುಖದ ತನಕ ಬರ್ತಿರಲಿಲ್ಲ’ ಎಂದಳು.

ಇದು ಅವಳೊಬ್ಬಳ ಅನುಭವವಲ್ಲ ಎಂದು ಓದುತ್ತ ಹೋದಂತೆ ತಿಳಿಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಅನೊರೆಕ್ಸಿಯಾ ಇರುವ ಹೆಣ್ಣುಮಕ್ಕಳಿಗೆ ನಗಿಸುವ, ಅಳಿಸುವ ಸಿನಿಮಾ ತುಣುಕುಗಳನ್ನು ತೋರಿಸಿ, ನೋಡುತ್ತಿರುವಾಗ ಅವರ ಮುಖವನ್ನು ಚಿತ್ರೀಕರಿಸಿಕೊಂಡಿದ್ದಾರೆ. ನಗು ಬರಬೇಕಾದ ಕಡೆ ಅವರ ಮುಖ ಇತರರಷ್ಟು ಅರಳಲಿಲ್ಲ. ಒಳಗೆ ಏನನಿಸಿತು ಎಂಬುದಕ್ಕೆ ಅವರು ಕೊಟ್ಟ ಉತ್ತರಕ್ಕೂ ಹೊರಗೆ ಕಂಡ ಮುಖಕ್ಕೂ ತಾಳೆಯಾಗಲಿಲ್ಲ. ಇನ್ನು ಕೆಲವರಿಗೆ ಒಳಗಿರುವುದು ದುಃಖವೋ ಸಿಟ್ಟೋ ದಣಿವೋ ಎಂದು ಹೆಸರಿಡುವುದೇ ಆಗುವುದಿಲ್ಲ. ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು 1970ರ ದಶಕದ ಆರಂಭದಲ್ಲಿ ಇದನ್ನು ಅಲೆಕ್ಸಿಥೈಮಿಯಾ ಎಂದು ಕರೆದರು. ಗ್ರೀಕ್ ಮೂಲದ ಈ ಪದಕ್ಕೆ ಭಾವಕ್ಕೆ ಮಾತಿಲ್ಲದಿರುವುದು ಎಂದರ್ಥ. ಅದಕ್ಕೂ ಮೊದಲೇ, 1962ರಲ್ಲಿ, ಹಿಲ್ಡ ಬ್ರೂಕ್ ಎಂಬ ವೈದ್ಯೆ ಈ ರೋಗಿಗಳಿಗೆ ತಮ್ಮ ಹಸಿವಿನ ಸುಳಿವೇ ಸರಿಯಾಗಿ ಹತ್ತುವುದಿಲ್ಲವೆಂದು ಬರೆದಿದ್ದರು.

ಕನ್ನಡ ಪಾಠ ಹೇಳಿ ನಿವೃತ್ತಳಾದವಳಿಗೆ ಇಲ್ಲಿ ಒಂದು ಮಾತು ಹೊಳೆಯದೆ ಇರದು. ನಮ್ಮ ಭಾಷೆ ಭಾವಗಳನ್ನೆಲ್ಲ ಇಟ್ಟಿರುವುದೇ ಹೊಟ್ಟೆಯಲ್ಲಿ. ಅಸೂಯೆ ಹೊಟ್ಟೆಕಿಚ್ಚು, ಸಂಕಟ ಹೊಟ್ಟೆಯುರಿ, ಮರುಕ ಬಂದರೆ ಕರುಳು ಚುರುಕ್ಕೆನ್ನುತ್ತದೆ, ಪರರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಇಷ್ಟೆಲ್ಲ ಇದ್ದರೂ ಮನೆಯ ಹೆಣ್ಣುಮಗುವಿಗೆ ನಾವು ಮೊದಲು ಕಲಿಸುವುದು ಸಿಟ್ಟನ್ನು ನುಂಗಿಕೊಳ್ಳುವುದನ್ನು. ನಮ್ಮ ಹುಡುಗಿಯ ಕಾಯಿಲೆಗೆ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ, ಕಾರಣಗಳು ಹಲವು, ವಂಶವಾಹಿಯದೂ ಸೇರಿ. ಆದರೆ ಅವಳ ಮೌನವನ್ನು ಒಳ್ಳೆಯ ನಡತೆಯೆಂದು ನಾವು ಅಷ್ಟು ದಿನ ಮೆಚ್ಚಿಕೊಂಡದ್ದು ಈ ಅಭ್ಯಾಸದಿಂದಲೇ.

ಲೇಖಕರು ಹಟವೆಂದು ಕರೆದದ್ದರಲ್ಲಿ ಒಂದು ಪಾಲು ಹಸಿವಿನದೇ ಕೆಲಸ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗದಲ್ಲಿ 36 ಯುವಕರನ್ನು, ಅವರ ಒಪ್ಪಿಗೆಯಿಂದ, ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಡಲಾಯಿತು. ಮನಸ್ಸೂ ಮೈಯೂ ಗಟ್ಟಿ ಇದ್ದವರನ್ನೇ ಆರಿಸಿಕೊಂಡಿದ್ದರೂ, ಕ್ರಮೇಣ ಅವರು ಮಂಕಾದರು, ತಮಾಷೆ ಮರೆತರು, ಗೆಳೆಯರಿಂದ ದೂರ ಸರಿದರು, ಸಣ್ಣದಕ್ಕೂ ಸಿಡುಕಿದರು, ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು. ಅವರಲ್ಲಿ ಯಾರಿಗೂ ತೆಳ್ಳಗಾಗುವ ಹಂಬಲವಿರಲಿಲ್ಲ. ಹೀಗಿರುವಾಗ ತಿಂಗಳುಗಟ್ಟಲೆ ಹಸಿದ ಹುಡುಗಿಯ ಮುಖ ನೋಡಿ ಅವಳ ಸ್ವಭಾವ ಅಳೆಯುವುದು ಯಾವ ನ್ಯಾಯ?

ಬುಲಿಮಿಯಾ ಎಂಬ ಇನ್ನೊಂದು ಊಟದ ಕಾಯಿಲೆಯ ರೀತಿ ಬೇರೆ. ಅಲ್ಲಿ ತಡೆಯಲಾಗದ ಭಾವ ಮಿತಿಮೀರಿ ತಿನ್ನುವುದಕ್ಕೆ, ಆಮೇಲೆ ಅದನ್ನು ಹೇಗಾದರೂ ಹೊರಹಾಕುವುದಕ್ಕೆ ನೂಕುತ್ತದೆ, ತೂಕ ಹೆಚ್ಚುಕಡಿಮೆ ಸರಿಯಿರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಸುಳಿವೇ ಸಿಗುವುದಿಲ್ಲ. ಗಂಡುಮಕ್ಕಳಿಗೂ ಈ ಕಾಯಿಲೆಗಳು ಬರುತ್ತವೆಂಬುದನ್ನು ಲೇಖನ ಹೇಳಲೇ ಇಲ್ಲ.

ಮುಖವನ್ನು ನಂಬಿ ಮೋಸಹೋದವರು ನಾವಷ್ಟೇ ಅಲ್ಲ. ಮೊದಲು ತೋರಿಸಿದ ವೈದ್ಯರು ‘ಏನಮ್ಮ, ಬೇಜಾರಾ?’ ಎಂದು ಕೇಳಿದರು, ಅವಳು ಇಲ್ಲವೆಂದು ಅಚ್ಚುಕಟ್ಟಾಗಿ ನಕ್ಕಳು, ಅವರು ಕಬ್ಬಿಣದ ಮಾತ್ರೆ ಬರೆದು ಕಳುಹಿಸಿದರು. ಹೀಗೆ ಐದು ತಿಂಗಳು ಹೋಯಿತು. ಕೊನೆಗೆ ಮನೋವೈದ್ಯರೊಬ್ಬರು ‘ಭಾವನೆಯ ಮಾತು ಆಮೇಲೆ, ಮೊದಲು ಊಟ’ ಎಂದು ಹೊಣೆಯನ್ನು ತಂದೆತಾಯಿಗೇ ವಹಿಸಿದರು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕ್ರಮವಂತೆ ಅದು. ನನ್ನ ತಂಗಿ ಕೆಲಸಕ್ಕೆ ರಜೆ ಹಾಕಿ, ಮೂರು ಹೊತ್ತೂ ತಟ್ಟೆಯ ಎದುರು ಮಗಳ ಜೊತೆ ಕೂತಳು. ಹುಡುಗಿಯ ಮುಖಕ್ಕೆ ಮೊದಲು ಮರಳಿದ್ದು ನಗುವಲ್ಲ. ಒಂದು ಮಧ್ಯಾಹ್ನ ಸ್ಟೀಲಿನ ಲೋಟವನ್ನು ನೆಲಕ್ಕೆ ಕುಕ್ಕಿ, ‘ನಿಮಗೆಲ್ಲ ನನ್ನ ಊಟ ಒಂದೇ ಕಾಣೋದು’ ಎಂದು ಕೆಂಪಾಗಿ ಕಿರುಚಿದಳು. ಮಜ್ಜಿಗೆ ಗೋಡೆಗೆಲ್ಲ ಹಾರಿತು. ನನ್ನ ತಂಗಿ ಅಡುಗೆಮನೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಸಮಾಧಾನದಿಂದ ಅತ್ತಳು.

ತಮ್ಮಲ್ಲಿ ಎರಡು ವಿನಂತಿ. ಈ ವಿಷಯದ ಮುಂದಿನ ಲೇಖನವನ್ನು ಇಂಥ ಮಕ್ಕಳಿಗೆ ಚಿಕಿತ್ಸೆ ಕೊಟ್ಟವರಿಂದಲೇ ಬರೆಸಿರಿ. ಮತ್ತು ಸೊಂಟಕ್ಕೆ ಅಳತೆಯ ಟೇಪು ಸುತ್ತಿಕೊಂಡ ಹುಡುಗಿಯ ಆ ದೊಡ್ಡ ಚಿತ್ರ ಬೇಡ. ಅಷ್ಟು ಜಾಗದಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಅದಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದೆಂಬ ವಿವರ, ಎರಡೂ ದಪ್ಪಕ್ಷರದಲ್ಲಿ ಹಿಡಿಸುತ್ತವೆ.

ಹುಡುಗಿಯ ಗುರುತು ತಿಳಿಯಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬಾರದೆಂದು ಕೋರುತ್ತೇನೆ.

ಇತಿ,
ನಿವೃತ್ತ ಕನ್ನಡ ಉಪನ್ಯಾಸಕಿ, ಶಿವಮೊಗ್ಗ