ಹೆಸರನ್ನು ಇಡಿ, ಆ ಮಾತನ್ನು ಬಿಡಿ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಇಷ್ಟುದ್ದ ಬರೆದಿದ್ದೀಯೆ ಎಂದರೆ ಈ ವಿಷಯ ನಿನ್ನನ್ನು ಎಷ್ಟು ಕಾಡುತ್ತಿದೆ ಎಂಬುದು ತಿಳಿಯುತ್ತದೆ. ಮಗು ಹುಟ್ಟುವ ಮೊದಲೇ ನೀವಿಬ್ಬರೂ ‘ಆದಿತ್ಯ’ ಎಂಬ ಹೆಸರನ್ನು ಆರಿಸಿಟ್ಟುಕೊಂಡಿದ್ದಿರಿ. ಹುಟ್ಟಿದ್ದು ಹೆಣ್ಣು ಎಂಬ ಒಂದೇ ಕಾರಣಕ್ಕೆ ಅದನ್ನು ಕೈಬಿಡಲು ನಿಮಗೆ ಮನಸ್ಸಿಲ್ಲ. ಹಿರಿಯರಾದರೋ ಹೆಣ್ಣುಮಗುವಿಗೆ ಗಂಡಿನ ಹೆಸರೇ ಎಂದು ಮುಖ ಸಿಂಡರಿಸುತ್ತಿದ್ದಾರೆ. ನಾನೇನು ಹೇಳುತ್ತೇನೆ ಎಂದು ಕೇಳಿದ್ದೀಯೆ. ಹೆಸರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು, ಅಳಿಯಂದಿರು ಹೇಳಿದರೆಂದು ನೀನು ಪತ್ರದ ಕೊನೆಯಲ್ಲಿ ಹೆಮ್ಮೆಯಿಂದ ಬರೆದಿರುವ ಮಾತು: “ಇವಳನ್ನು ಗಂಡುಮಗನ ಹಾಗೆಯೇ ಬೆಳೆಸುತ್ತೇವೆ, ಅದಕ್ಕೇ ಈ ಹೆಸರು.”

ಹಿರಿಯರ ಆಕ್ಷೇಪಣೆಯನ್ನು ಮೊದಲು ನೋಡೋಣ. ಹೆಸರು ಕೇಳಿದೊಡನೆ ಹೆಣ್ಣೋ ಗಂಡೋ ತಿಳಿಯಬೇಕು ಎಂಬುದು ಅವರ ವಾದ. ಅವರನ್ನು ಹಳೆಯ ಕಾಲದವರೆಂದು ಹೀಗಳೆಯಬೇಡ. ಮುಂದುವರಿದ ದೇಶಗಳ ಸರ್ಕಾರಿ ಕಚೇರಿಗಳೂ ಇದೇ ವಾದವನ್ನು ಹಿಡಿದು ಕೂತಿದ್ದವು. ಜರ್ಮನಿಯಲ್ಲಿ ಭಾರತೀಯ ಮೂಲದ ಕುಟುಂಬವೊಂದು ಮಗಳಿಗೆ ‘ಕಿರಣ್’ ಎಂದು ಹೆಸರಿಟ್ಟಾಗ, ಇದರಿಂದ ಮಗು ಹೆಣ್ಣೆಂದು ತಿಳಿಯುವುದಿಲ್ಲ ಎಂದು ನೋಂದಣಿ ಕಚೇರಿ ಒಪ್ಪಲಿಲ್ಲ. ವ್ಯಾಜ್ಯ ಅಲ್ಲಿನ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. ಮಗುವಿನ ಹಿತಕ್ಕೆ ಧಕ್ಕೆ ಬಾರದಿದ್ದರೆ ಸಾಕು, ಹೆಸರು ಲಿಂಗವನ್ನು ಸೂಚಿಸಲೇಬೇಕೆಂದಿಲ್ಲ ಎಂದು 2008ರಲ್ಲಿ ತೀರ್ಪು ಬಂತು. ಐಸ್‌ಲ್ಯಾಂಡಿನಲ್ಲಿ ಇನ್ನೂ ಕಷ್ಟವಿತ್ತು. ತಾಯಿ ಇಟ್ಟ ಹೆಸರು ಗಂಡಿನದೆಂದು ಅಧಿಕಾರಿಗಳು ತಿರಸ್ಕರಿಸಿದ್ದರಿಂದ ಒಬ್ಬ ಬಾಲಕಿ ದಾಖಲೆಗಳಲ್ಲೆಲ್ಲ ಬರೀ ‘ಹುಡುಗಿ’ ಎಂದು ನಮೂದಾಗಿಯೇ ಬೆಳೆದಳು. 2013ರಲ್ಲಿ, ಅವಳಿಗೆ 15 ವರ್ಷವಾಗಿದ್ದಾಗ, ನ್ಯಾಯಾಲಯ ಅವಳ ಹೆಸರನ್ನು ಅವಳಿಗೆ ಕೊಡಿಸಿತು; 2019ರ ಕಾನೂನು ಹೆಸರುಗಳಲ್ಲಿ ಹೆಣ್ಣು ಗಂಡೆಂಬ ಕಟ್ಟಳೆಯನ್ನೇ ತೆಗೆದುಹಾಕಿತು.

ಕಿರಣ್ ಎಂಬುದು ಗಂಡುಮಕ್ಕಳ ಹೆಸರೆಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೂ 1972ರಲ್ಲಿ ಐಪಿಎಸ್ ಸೇರಿದ ಕಿರಣ್ ಬೇಡಿ, 2006ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಕಿರಣ್ ದೇಸಾಯಿ, ಬಯೋಕಾನ್ ಸಂಸ್ಥೆಯನ್ನು ಕಟ್ಟಿದ ಕಿರಣ್ ಮಜುಂದಾರ್ ಶಾ, ಇವರ ಹೆಸರನ್ನು ಓದುವಾಗ ಯಾರೂ ತಡವರಿಸುವುದಿಲ್ಲ. ಹೆಸರನ್ನು ಹೊತ್ತವರೇ ಅದಕ್ಕೆ ಹೊಸ ರೂಢಿಯನ್ನು ಹಾಕಿಕೊಡುತ್ತಾರೆ. ಅದರಲ್ಲೂ ಕನ್ನಡ ಮಾತಾಡುವ ನಮಗೆ ಗೊಂದಲದ ಭಯ ಕಡಿಮೆ. ‘ಆದಿತ್ಯ ಬಂದಳು’ ಎಂದ ಕ್ಷಣ ಕ್ರಿಯಾಪದವೇ ಎಲ್ಲವನ್ನೂ ಹೇಳಿ ಮುಗಿಸುತ್ತದೆ.

ಹಾಗೆಂದು ಮುಜುಗರವೇ ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಗಂಡಿನ ಹೆಸರಿದ್ದ ಒಬ್ಬ ಹುಡುಗಿ ನಮ್ಮ ತರಗತಿಗೆ ಬಂದಳು. ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರು ಮೊದಲು, ಹುಡುಗಿಯರದು ನಂತರ. ಗುಮಾಸ್ತರು ಹೆಸರು ನೋಡಿ ಅವಳನ್ನು ಹುಡುಗರ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ನಾನು ಕರೆದಾಗ ಹುಡುಗರೆಲ್ಲ ಯಾರಪ್ಪ ಅದು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯರ ಸಾಲಿನಿಂದ ಅವಳು ಎದ್ದು ನಿಂತು, “ಹಾಜರ್ ಟೀಚರ್, ಅದು ನಾನೇ” ಎಂದಳು. ತರಗತಿ ನಕ್ಕಿತು. ನಾನು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಸರಿಯಾದ ಜಾಗದಲ್ಲಿ ಅವಳ ಹೆಸರನ್ನು ಬರೆದೆ. ಪಕ್ಕದವಳು, “ನಿಂಗ್ಯಾಕೆ ಈ ಹೆಸರು ಇಟ್ಟರು?” ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. “ನಮ್ಮ ಅಪ್ಪ ಅಮ್ಮಂಗೆ ಇಷ್ಟ ಆಯ್ತು, ಅದಕ್ಕೆ” ಎಂದು ಥಟ್ಟನೆ ಉತ್ತರ ಬಂತು. ನಕ್ಕವರನ್ನು ಲೆಕ್ಕಕ್ಕೇ ಇಡದೆ ಅವಳು ಪುಸ್ತಕ ತೆರೆದು ಕುಳಿತುಬಿಟ್ಟಳು. ದಸರಾ ರಜೆ ಬರುವ ಹೊತ್ತಿಗೆ ಆ ಹೆಸರು ಯಾರಿಗೂ ವಿಚಿತ್ರವಾಗಿ ಉಳಿದಿರಲಿಲ್ಲ.

ನಿನ್ನ ಮಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ, ಪುಟ್ಟಿ. ಶಾಲೆಯಲ್ಲಿ, ಅರ್ಜಿ ತುಂಬುವಲ್ಲಿ, ಕೆಲಸದ ಸಂದರ್ಶನದಲ್ಲಿ, ‘ಶ್ರೀ’ ಎಂದು ನಮೂದಾಗಿ ಬರುವ ಪ್ರತಿಯೊಂದು ಪತ್ರದಲ್ಲಿ ಅದು ಎದುರಾಗುತ್ತದೆ. ಆಗೆಲ್ಲ ಅವಳ ಬಾಯಿಗೆ ಬರುವುದು ನೀವು ಅವಳಿಗೆ ಕೊಟ್ಟ ಉತ್ತರವೇ. “ಅವರಿಗೆ ಇಷ್ಟವಾಯಿತು” ಎಂದು ಅವಳು ತಲೆಯೆತ್ತಿ ಹೇಳಬಲ್ಲಳು. “ನನ್ನನ್ನು ಗಂಡಿನ ಹಾಗೆ ಬೆಳೆಸಬೇಕೆಂದಿದ್ದರು” ಎಂದು ಹೇಳಬೇಕಾಗಿ ಬಂದರೆ, ಕೇಳಿದವರು ಏನೆಂದುಕೊಂಡರೂ ಸರಿ, ಹೇಳಿದವಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ: ಹಾಗಾದರೆ ಹೆಣ್ಣಾಗಿ ನಾನು ಸಾಲದಾದೆನೇ?

ಈ ಮುಳ್ಳು ಬಹಳ ಹಳೆಯದು. ಶಾರ್ಲೆಟ್ ಬ್ರಾಂಟೆ 1849ರಲ್ಲಿ ಪ್ರಕಟಿಸಿದ ‘ಶರ್ಲಿ’ ಕಾದಂಬರಿಯ ನಾಯಕಿಗೆ ಆ ಹೆಸರು ಬಂದದ್ದೇ ಹೀಗೆ. ಮಗನಿಗಾಗಿ ಹಂಬಲಿಸಿದ್ದ ತಂದೆತಾಯಿ ಅವನಿಗೆ ಇಡಬೇಕೆಂದಿದ್ದ ಗಂಡಿನ ಹೆಸರನ್ನು ಮಗಳಿಗೆ ಇಟ್ಟರು. ಆ ಪುಸ್ತಕದ ನಂತರ ಶರ್ಲಿ ಹೆಣ್ಣುಮಕ್ಕಳ ಹೆಸರೇ ಆಗಿಹೋಯಿತು. ಇಂಗ್ಲಿಷಿನಲ್ಲಿ ಎವೆಲಿನ್, ಬೆವರ್ಲಿ, ಆಶ್ಲಿ ಕೂಡ ಹೀಗೆ ಗಂಡಿನಿಂದ ಹೆಣ್ಣಿಗೆ ದಾಟಿದ ಹೆಸರುಗಳು. ದಾಟಿದ ಮೇಲೆ ಗಂಡುಮಕ್ಕಳ ತಂದೆತಾಯಿಗಳು ಆ ಹೆಸರನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ. ಹೆಣ್ಣಿನ ಹೆಸರು ಗಂಡಿನ ಕಡೆಗೆ ಹೋಗುವುದು ತೀರಾ ಅಪರೂಪ. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೆಣ್ಣಿಗೆ ಗಂಡಿನ ಹೆಸರಿಟ್ಟರೆ ಮೇಲೇರಿಸಿದಂತೆ, ಗಂಡಿಗೆ ಹೆಣ್ಣಿನ ಹೆಸರಿಟ್ಟರೆ ಕೆಳಗಿಳಿಸಿದಂತೆ ಎಂದು ಜನ ಒಳಗೊಳಗೇ ನಂಬಿಕೊಂಡಿದ್ದಾರೆ. ಹುಟ್ಟಿದ್ದು ಗಂಡಾಗಿದ್ದು, ನೀವು ಆರಿಸಿಟ್ಟಿದ್ದ ಹೆಸರು ‘ವಸುಧಾ’ ಆಗಿದ್ದರೆ ಅದನ್ನು ಇಡುತ್ತಿದ್ದಿರೇ ಎಂದು ಅಳಿಯಂದಿರನ್ನು ಒಮ್ಮೆ ಸಮಾಧಾನದಿಂದ ಕೇಳು. ಅವರು ಒಳ್ಳೆಯವರು, ಸಿಟ್ಟಾಗುವುದಿಲ್ಲ, ಯೋಚಿಸುತ್ತಾರೆ.

ನಮ್ಮ ಚರಿತ್ರೆಯಲ್ಲೂ ಒಬ್ಬಳಿದ್ದಾಳೆ. 13ನೆಯ ಶತಮಾನದಲ್ಲಿ ಕಾಕತೀಯರ ಗಣಪತಿದೇವನಿಗೆ ಗಂಡುಮಕ್ಕಳಿಲ್ಲದೆ ಮಗಳು ಪಟ್ಟಕ್ಕೆ ಬಂದಾಗ, ಶಾಸನಗಳು ಅವಳನ್ನು ‘ರುದ್ರದೇವ ಮಹಾರಾಜ’ ಎಂದು ಕರೆದವು. ಸಿಂಹಾಸನಕ್ಕೆ ಅಂದು ಆ ಹೆಸರು ಬೇಕಾಗಿತ್ತು. ಜನ ಇಂದಿಗೂ ನೆನೆಯುವುದು ಮಾತ್ರ ರುದ್ರಮದೇವಿ ಎಂದು.

ಗಂಡುಮಗನ ಹಾಗೆ ಎಂದರೆ ನಿಮ್ಮ ಮನಸ್ಸಿನಲ್ಲಿರುವುದೇನು ಎಂದು ನಾನು ಬಲ್ಲೆ. ಚೆನ್ನಾಗಿ ಓದಿಸುವುದು, ಈಜು ಕಲಿಸುವುದು, ಒಬ್ಬಳೇ ಓಡಾಡುವ ಧೈರ್ಯ ಕೊಡುವುದು, ದುಡಿದ ಹಣ ಅವಳ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು, ಮನೆಯ ತೀರ್ಮಾನಗಳಲ್ಲಿ ಅವಳ ಮಾತಿಗೆ ಬೆಲೆ ಕೊಡುವುದು. ಇವೆಲ್ಲ ಮಗಳಿಗೆ ಮಗಳಾಗಿಯೇ ಸಲ್ಲಬೇಕಾದವು. ಹುಟ್ಟದೇ ಇರುವ ಮಗನ ಹೆಸರಿನಲ್ಲಿ ಅವನ್ನು ಏಕೆ ಕೊಡುತ್ತೀರಿ? ನಾಳೆ ಅವಳಿಗೊಬ್ಬ ತಮ್ಮ ಹುಟ್ಟಿದನೆನ್ನು. ಗಂಡಿನ ಜಾಗದಲ್ಲಿ ನಿಂತಿದ್ದೆ ಎಂದುಕೊಂಡು ಬೆಳೆದ ಹುಡುಗಿ ಅಂದು ಎಲ್ಲಿ ಹೋಗಿ ನಿಲ್ಲಬೇಕು?

ಆದ್ದರಿಂದ ಹೆಸರನ್ನು ಇಡಿ, ಆ ಮಾತನ್ನು ಬಿಡಿ. ನೋಡಲು ಬಂದವರ ಮುಂದೆ ಅಳಿಯಂದಿರು ಅದನ್ನು ಹೇಳದಂತೆ ಈಗಿನಿಂದಲೇ ನೋಡಿಕೋ. ಮಕ್ಕಳ ಕಿವಿ ನಾವು ಎಣಿಸಿದ್ದಕ್ಕಿಂತ ಬೇಗ ತೆರೆದುಕೊಳ್ಳುತ್ತದೆ. ಹಿರಿಯರೊಡನೆ ವಾದಕ್ಕೆ ಇಳಿಯಬೇಡ. ಅವರು ಇಷ್ಟಪಟ್ಟ ಮುದ್ದಿನ ಹೆಸರಿನಿಂದ ಕರೆದುಕೊಳ್ಳಲಿ, ಮಗುವಿಗೆ ಅದರಿಂದ ನಷ್ಟವೇನೂ ಇಲ್ಲ. ‘ಅದಿತಿ’ ಎಂದು ಬದಲಿಸಿ ಎಲ್ಲರನ್ನೂ ಒಪ್ಪಿಸೋಣವೇ ಎಂದು ಕೇಳಿದ್ದೀಯೆ. ಅದು ಸೊಗಸಾದ ಹೆಸರು, ನಿಮಗೆ ಅದೇ ಹೆಚ್ಚು ಪ್ರಿಯವಾದರೆ ಧಾರಾಳವಾಗಿ ಇಡಿ. ಆದರೆ ಯಾರಿಗೂ ಬೇಸರವಾಗದಿರಲಿ ಎಂದು ಯಾರಿಗೂ ಬೇಡದ ಹೆಸರನ್ನು ಮಗಳ ಮೇಲೆ ಹೊರಿಸಬೇಡಿ. ದೊಡ್ಡವಳಾದ ಮೇಲೆ ಅವಳೇ ಹೆಸರನ್ನು ಬದಲಿಸಿಕೊಳ್ಳಲು ಬಯಸಿದರೆ ನೊಂದುಕೊಳ್ಳಬಾರದು ಎಂಬುದನ್ನೂ ಇಂದೇ ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಎಲ್ಲ ದಾಖಲೆಗಳಲ್ಲಿಯೂ ಅಕ್ಷರಗಳು ಒಂದೇ ರೀತಿ ಇರಬೇಕು, ಲಿಂಗದ ಕಲಂ ತುಂಬಿದ್ದನ್ನು ಸಹಿ ಹಾಕುವ ಮುನ್ನ ಎರಡು ಸಲ ಓದಬೇಕು. ಇಂಥ ಹೆಸರಿಗೆ ಅಲ್ಲಿಯೇ ತಪ್ಪಾಗುವುದು ಹೆಚ್ಚು. ನೋಂದಣಿಗೆ ಕೊಡುವ ಮೊದಲು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಗೆ ಬರೆಸುತ್ತೀರಿ ಎಂಬುದನ್ನು ನನಗೊಮ್ಮೆ ಕಳಿಸು, ಕಣ್ಣಾಡಿಸಿ ತಿಳಿಸುತ್ತೇನೆ.

ಇಂತು ನಿನ್ನ ಪ್ರೀತಿಯ
ದೊಡ್ಡಮ್ಮ