ಆರೋಗ್ಯ ಸಚಿವರೇ, ಆ ಒಂದು ಟೆಸ್ಟ್ ಬಿಟ್ಟುಬಿಡಬೇಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಗೊತ್ತಾದ ಪ್ರತಿ ಹೆಂಗಸಿಗೂ ಮಾಲಿಕ್ಯುಲರ್ ಟೆಸ್ಟ್ (ಗಡ್ಡೆಯ ಜೀನ್, ಪ್ರೋಟೀನ್ ನೋಡಿ ಅದು ಯಾವ ಗುಂಪಿನದು ಅಂತ ಹೇಳುವ ಪರೀಕ್ಷೆ) ಸರ್ಕಾರದ ಖರ್ಚಿನಲ್ಲೇ ಆಗಬೇಕು. ಅದರಲ್ಲೂ ಡಿಎನ್ಎ ನಕಲಿನ ಕೆಲಸ ನೋಡುವ ಪೋಲ್‌-ಇ ಜೀನ್ ಟೆಸ್ಟ್.

ಈ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ, ನಾಲ್ಕು ಗುಂಪು ಇವೆ ಅಂತ 2013ರಲ್ಲೇ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅನ್ನುವ ಸಂಶೋಧನಾ ತಂಡ ತೋರಿಸಿಕೊಟ್ಟಿತು. 2023ರ ಫಿಗೋ (ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟ) ಪದ್ಧತಿಯಲ್ಲಂತೂ ಗುಂಪು ನೋಡಿ ಸ್ಟೇಜೇ ಬದಲಾಗುತ್ತದೆ. ಆದರೂ ಎಷ್ಟೋ ಕಡೆ ಸ್ಲೈಡ್ ನೋಡಿ ಗ್ರೇಡ್ (ಕೋಶ ಎಷ್ಟು ಕೆಟ್ಟು ಕಾಣುತ್ತದೆ ಅನ್ನುವ ಅಂಕ, 3 ಅತಿ ಕೆಟ್ಟದ್ದು) ಬರೆದು ಕೈ ತೊಳೆದುಕೊಳ್ಳುತ್ತಾರೆ.

ಒಂದು ಗುಂಪನ್ನು ಗುರುತಿಸುವುದು ಪಿ53 ಅನ್ನುವ, ಕ್ಯಾನ್ಸರ್ ತಡೆಯುವ ಪ್ರೋಟೀನಿನಿಂದ. ಅದಕ್ಕೆ ಸ್ಟೇನ್ (ಬಣ್ಣ) ಹಾಕಿದಾಗ, ಪಿ53 ಸರಿಯಿರುವ ಗಡ್ಡೆಯಲ್ಲಿ ಕಂದು ಬಣ್ಣ ಅಲ್ಲೊಂದು ಇಲ್ಲೊಂದು, ಕೆಲವು ಕಡೆ ತೆಳು, ಕೆಲವು ಕಡೆ ಗಾಢ. ಪಿ53 ಕೆಟ್ಟ ಗುಂಪಿನಲ್ಲಿ ಹೆಚ್ಚಾಗಿ ಎಲ್ಲಾ ಕೋಶವೂ ಗಾಢ ಕಂದು, ಇಲ್ಲಾಂದ್ರೆ ಒಂದಕ್ಕೂ ಬಣ್ಣ ಹಿಡಿದಿರುವುದಿಲ್ಲ. ಇವರಲ್ಲಿ ಹೆಚ್ಚಿನವರಿಗೆ ಕೀಮೋ ಬೇಕು. ಪೋರ್ಟೆಕ್‌-3 ಅಧ್ಯಯನದಲ್ಲಿ ಈ ಗುಂಪಿನವರಲ್ಲಿ ಐದು ವರ್ಷ ಕಾಯಿಲೆ ಮರುಕಳಿಸದೆ ಬದುಕಿದ್ದವರು ಬರೀ ರೇಡಿಯೇಷನ್‌ನಲ್ಲಿ ಶೇ. 36, ಕೀಮೋ ಸೇರಿಸಿದಾಗ ಶೇ. 59.

ಎಡವಟ್ಟಾಗುವುದು ಇಲ್ಲೇ. ಪೋಲ್‌-ಇ ಬದಲಾವಣೆ ಇರುವ ಗಡ್ಡೆ ಎಷ್ಟೋ ಸಲ ಗ್ರೇಡ್ 3, ನೋಡಿದರೇ ಭಯ ಆಗಬೇಕು. ಕೆಲವೊಮ್ಮೆ ಪಿ53 ಕೂಡ ಕೆಟ್ಟಿರುತ್ತದೆ. ಆದರೆ ಆರಂಭದ ಹಂತದಲ್ಲಿ ಆಪರೇಷನ್ ಆದರೆ ಇದು ಮರಳಿ ಬರುವುದೇ ಅಪರೂಪ, ಹೆಚ್ಚಿನವರಿಗೆ ಮುಂದಿನ ಚಿಕಿತ್ಸೆಯೇ ಬೇಡ. ಟೆಸ್ಟ್ ಮಾಡದಿದ್ದರೆ ಇವರೂ ಪಿ53 ಲೆಕ್ಕಕ್ಕೆ ಹೋಗಿ, ಸುಮ್ನೆ ಕೀಮೋ ಹಾಕಿಸಿಕೊಂಡು ಕೂದಲು ಉದುರಿಸಿಕೊಂಡು, ಕೈಕಾಲು ಜೋಮು ಹಿಡಿಸಿಕೊಂಡು ಕೂರಬೇಕು. ಇದು ಅನ್ಯಾಯ ಅಲ್ವಾ?

ಇನ್ನು ಡಿಎನ್ಎ ನಕಲಿನ ತಪ್ಪು ತಿದ್ದುವ ಎಂಎಂಆರ್ ಪ್ರೋಟೀನ್ ಕಾಣದ ಗುಂಪು. ಕಾಯಿಲೆ ಮುಂದುವರಿದಿದ್ದರೆ ಇವರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವರಲ್ಲಿ ಲಿಂಚ್ ಸಿಂಡ್ರೋಮ್ (ಮನೆತನದಲ್ಲಿ ಬರುವ ಕ್ಯಾನ್ಸರ್ ಅಪಾಯ) ಹೊರಬೀಳುತ್ತದೆ, ಆಗ ಅಕ್ಕತಂಗಿಯರನ್ನೂ ಮಕ್ಕಳನ್ನೂ ಪರೀಕ್ಷಿಸಿ ಕರುಳಿನ ಕ್ಯಾನ್ಸರ್ ತಡೆಯಬಹುದು. ಈ ಯಾವ ಗುರುತೂ ಇಲ್ಲದ್ದು ನಾಲ್ಕನೇ ಗುಂಪು.

ಪಿ53, ಎಂಎಂಆರ್ ಸ್ಟೇನ್‌ಗಳನ್ನು ಸಾಧಾರಣ ಲ್ಯಾಬ್ ಕೂಡ ಮಾಡಬಲ್ಲದು. ಪೋಲ್‌-ಇಗೆ ಸೀಕ್ವೆನ್ಸಿಂಗ್ (ಜೀನ್‌ನ ಅಕ್ಷರಗಳನ್ನು ಓದುವುದು) ಬೇಕು ನಿಜ, ಹಾಗಂತ ಪ್ರತಿ ಆಸ್ಪತ್ರೆಗೂ ಮಷಿನ್ ಕೊಡಿ ಅಂತ ನಾನು ಕೇಳುತ್ತಿಲ್ಲ. (ಕೊಟ್ಟರೆ ನಡೆಸುವವರಿಲ್ಲದೆ ಧೂಳು ತಿನ್ನುತ್ತದೆ.) ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್‌ಗೆ ಐಸ್ ಕೂಡ ಬೇಡ, ಡಬ್ಬಿಯಲ್ಲಿಟ್ಟು ಒಂದು ಕೇಂದ್ರ ಲ್ಯಾಬ್‌ಗೆ ಕಳಿಸಿದರೆ ಸಾಕು. ಆಪರೇಷನ್ನಿಗೆ ಮೊದಲಿನ ಬಯಾಪ್ಸಿಯಲ್ಲೇ ಮಾಡಿದರೆ ಸಮಯವೂ ಉಳಿಯುತ್ತದೆ. ರಿಪೋರ್ಟ್ ಕೊಡಲು ಗಡುವು ಹಾಕಿ. ಜೊತೆಗೆ ರಿಪೋರ್ಟ್ ಫಾರಂನಲ್ಲಿ ಗುಂಪಿನ ಹೆಸರಿಗೆ ಒಂದು ಕಾಲಂ ಕಡ್ಡಾಯ ಮಾಡಿ, ಖಾಲಿ ಬಿಟ್ಟವರು ಯಾಕೆ ಬಿಟ್ಟರು ಅಂತಲೂ ಬರೆಯಲಿ.