ಸುಮಾಳ ವಿಷಯಕ್ಕೆ, ಫಿಲಡೆಲ್ಫಿಯಾದಿಂದ

ಫಿಲಡೆಲ್ಫಿಯಾ
ಭಾನುವಾರ ಮಧ್ಯಾಹ್ನ

ಅಮ್ಮಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ, ಅಪ್ಪನಿಗೂ ಹೇಳು. ನೀನು ಕೊಟ್ಟು ಕಳಿಸಿದ ಚಟ್ನಿಪುಡಿ ಡಬ್ಬಿ ಗುರುವಾರ ಬಂತು. ಅದರಡಿ ಮಡಿಸಿಟ್ಟಿದ್ದ ಕಾಗದವೂ ಸಿಕ್ಕಿತು. ಅರ್ಧ ಕಾಗದಕ್ಕೆ ಎಣ್ಣೆ ಹತ್ತಿದೆ. "ಸುಮಾಗೆ ಇಪ್ಪತ್ತೊಂಬತ್ತು ತುಂಬಿತು" ಅನ್ನೋ ಸಾಲು ಹಿಂದಿನಿಂದಲೂ ಓದಲು ಬರುತ್ತದೆ. ತಿಪಟೂರಿನ ಹುಡುಗನ ಸಂಬಂಧ ಅವಳು ಬೇಡ ಅಂತಿದ್ದಾಳೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಉತ್ತರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ, ಸುಮಾ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇಲ್ಲಿಯ ಸುದ್ದಿ. ಹೋದ ವಾರ ಎಲ್‌ಫ್ರೆತ್ಸ್ ಆಲಿ ಅಂತ ಒಂದು ಓಣಿ ನೋಡಿ ಬಂದೆವು. ಡೆಲವೇರ್ ನದಿಯ ಹತ್ತಿರ. "ಅಮೆರಿಕದಲ್ಲಿ ಹಳೇದು ಏನಿದೆ" ಅಂತ ಅಪ್ಪ ನಗುತ್ತಾರಲ್ಲ, ಅವರಿಗೆ ಓದಿ ಹೇಳು. 1702ರ ಸುಮಾರಿಗೆ ಜಾನ್ ಗಿಲ್ಬರ್ಟ್, ಆರ್ಥರ್ ವೆಲ್ಸ್ ಅಂತ ಇಬ್ಬರು ಕಮ್ಮಾರರು ತಮ್ಮ ಜಾಗದ ನಡುವೆ ದಾರಿ ಬಿಟ್ಟರಂತೆ, ಗಾಡಿಗಳು ನದಿ ಕಡೆಗೆ ಹೋಗಿ ಬರಲಿ ಅಂತ. ನಮ್ಮ ಕಡೆ ದಾಯಾದಿಗಳು ಒಂದು ಗೇಣು ಬಿಡುವುದಿಲ್ಲ! ಆಮೇಲೆ ಜೆರೆಮಾಯಾ ಎಲ್‌ಫ್ರೆತ್ ಅನ್ನೋ ಇನ್ನೊಬ್ಬ ಕಮ್ಮಾರನ ಹೆಸರು ಓಣಿಗೆ ನಿಂತಿತು. ಮೂವತ್ತೆರಡು ಮನೆ. ಹಳೆಯವು 1720ರ ದಶಕದವು, ಕೊನೆಯದು 1836ರದು. ಎಲ್ಲ ಇಟ್ಟಿಗೆಯವು, ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ಅರಸೀಕೆರೆ ಶಿವಾಲಯದ ಮುಂದೆ ಇವು ನಿನ್ನೆ ಮೊನ್ನೆಯವು, ಗೊತ್ತು. ಆದರೆ ಇಲ್ಲಿ ಈಗಲೂ ಜನ ವಾಸ ಇದ್ದಾರೆ. ನಾವು ಫೋಟೋ ತೆಗೆಯುತ್ತಿದ್ದಾಗ ಒಬ್ಬಾಕೆ ಬಾಗಿಲು ತೆಗೆದು, ಪಾರ್ಸೆಲ್ ಎತ್ತಿಕೊಂಡು, ದಢಕ್ಕನೆ ಹಾಕಿಕೊಂಡಳು.

ನದಿ ಹತ್ತಿರ ಅಂದೆನಲ್ಲ, ಈಗ ನಡುವೆ ಐ-95 ಹೆದ್ದಾರಿ ಅಡ್ಡ ಬಂದಿದೆ. ಓಣಿ ಉಳಿದದ್ದೇ ದೊಡ್ಡದು. ಅಲ್ಲೇ ಒಂದು ಮನೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಡಾಲಿ ಆಟಿ ಅನ್ನೋ ಹೆಂಗಸು 1934ರಲ್ಲಿ ಅಕ್ಕಪಕ್ಕದವರನ್ನು ಸೇರಿಸಿ ಸಂಘ ಮಾಡಿದಳಂತೆ, ಹಳೆ ಮನೆ ಕೆಡವಬಾರದು ಅಂತ.

ಅಂಬುಜತ್ತೆಗೆ ಹೇಳಲೇಬೇಕಾದದ್ದು ಒಂದಿದೆ. ಮಹಡಿ ಕಿಟಕಿಯ ಹೊರಗೆ ಕಬ್ಬಿಣದ ಕಡ್ಡಿಗೆ ಸಣ್ಣ ಸಣ್ಣ ಕನ್ನಡಿ ಸಿಕ್ಕಿಸಿರುತ್ತಾರೆ. ಮೇಲೆ ಕೂತೇ ಬಾಗಿಲಿಗೆ ಯಾರು ಬಂದರು, ಬೀದಿಯ ಆ ಕಡೆ ಈ ಕಡೆ ಯಾರು ಹೋದರು ಅಂತ ನೋಡಬಹುದು. ಅದಕ್ಕೆ ಬಿಜಿಬಾಡಿ ಅಂತಾರೆ. ನಮ್ಮ ಮಾತಲ್ಲಿ ಊರ ಉಸಾಬರಿ. ಅತ್ತೆಗೆ ಮಂಡಿನೋವು, ಪಾಪ, ಒಂದು ತಂದುಕೊಡಲಾ?

ಇರಲಿ. ಈಗ ವಿಷಯಕ್ಕೆ ಬರುತ್ತೇನೆ.

ಆ ಓಣಿಯ 126ನೇ ನಂಬರ್ ಮನೆ ಈಗ ಮ್ಯೂಸಿಯಂ. 1762ರ ಹೊತ್ತಿಗೆ ಅಲ್ಲಿ ಮೇರಿ ಸ್ಮಿತ್, ಸಾರಾ ಮೆಲ್ಟನ್ ಅಂತ ಇಬ್ಬರು ಹೆಂಗಸರು ಇದ್ದರು. ಮ್ಯಾಂಟುವಾ ಅಂತ ಆಗಿನ ಹೆಂಗಸರ ಉದ್ದ ನಿಲುವಂಗಿ ಹೊಲಿದುಕೊಡುವುದು ಅವರ ಕಸುಬು. ಮಷೀನ್ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು, ಎಲ್ಲಾ ಕೈಹೊಲಿಗೆ. ಅವರಿಗೆ ಮದುವೆ ಆಗಿತ್ತಾ ಅಂತ ನಾನು ಕೇಳಲಿಲ್ಲ. ನೀನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ, ಅಲ್ವಾ? ನನಗೆ ಅಲ್ಲಿ ನಿಂತಾಗ ಸುಮಾ, ಅವಳ ಜೊತೆ ಹೊಲಿಯೋ ನಾಗವೇಣಿ, ಬಸ್ ಸ್ಟ್ಯಾಂಡ್ ಹತ್ತಿರದ ಅವರ ಆ ಪುಟ್ಟ ಹೊಲಿಗೆ ಅಂಗಡಿ, ನೆಲದ ತುಂಬ ಲೈನಿಂಗ್ ಚೂರು, ಇದೇ ಕಣ್ಣಿಗೆ ಬಂತು.

ಅದು ಅವರ ದೇಶ, ಅವರ ಕಾಲ ಅನ್ನುತ್ತೀಯ. ಸರಿ ಕಣಮ್ಮ. ತಿಪಟೂರಿನ ಹುಡುಗನೂ ಒಳ್ಳೆಯವನೇ ಇರಬಹುದು. ಆದರೆ "ಮದುವೆ ಆದಮೇಲೆ ಅಂಗಡಿ ಬೇಡ, ಬೇಕಾದರೆ ಮನೆಯಲ್ಲಿ ಕೂತು ಫಾಲ್ ಹಚ್ಚಲಿ" ಅಂತ ಅವರ ತಾಯಿ ಅಂದರಂತಲ್ಲ. ಅದನ್ನು ನೀನು ಬರೆದೇ ಇಲ್ಲ. ಸುಮಾ ಹೇಳಿದಳು. ಬ್ಲೌಸಿನ ತೋಳು ಕೂರಿಸುವುದರಲ್ಲಿ ಅವಳ ಕೈ ಹೇಗಿದೆ ಅಂತ ನಿನಗೇ ಗೊತ್ತು. ಪದ್ಮಕ್ಕನ ಮಗಳ ಮದುವೆಗೆ ಹನ್ನೊಂದು ಬ್ಲೌಸ್ ಹೊಲಿದಳು, ಒಂದೂ ಬಿಚ್ಚಿ ಹೊಲಿಯಲಿಲ್ಲ. ಅಂಥವಳನ್ನು ಫಾಲ್ ಹಚ್ಚು ಅಂದರೆ ಬೇಡ ಅನ್ನದೆ ಇನ್ನೇನು ಅಂತಾಳೆ?

ಇನ್ನೊಂದು. ಬೈಯಬೇಡ. ಅಂಗಡಿಯ ಅಡ್ವಾನ್ಸ್ ಎಂಬತ್ತು ಸಾವಿರ ಅವಳ ಚೀಟಿ ದುಡ್ಡಲ್ಲ. ನಾನು ಕಳಿಸಿದ್ದು. ಇವರಿಗೂ ಗೊತ್ತು. ಸಾಲ ಮಾಡಿಲ್ಲ, ಇಲ್ಲಿ ನಮಗೆ ಏನೂ ಕಷ್ಟ ಇಲ್ಲ, ನಿಜವಾಗಲೂ ಇಲ್ಲ. ಕಾರ್ ರಿಪೇರಿ ಮುಂದಕ್ಕೆ ಹಾಕಿದ್ದು ಬೇರೆ ಕಾರಣಕ್ಕೆ. ಟಿವಿಯಲ್ಲಿ ತೋರಿಸಿದ ಗಲಾಟೆಯೂ ನಮ್ಮ ಏರಿಯಾ ಅಲ್ಲ, ತುಂಬಾ ದೂರ. ಮಗು ಕೆಮ್ಮು ಪೂರ್ತಿ ಹೋಗಿದೆ, ರಾತ್ರಿ ಮಾತ್ರ ಸ್ವಲ್ಪ. ನೀನು ಸುಮ್ನೆ ಬಿಪಿ ಜಾಸ್ತಿ ಮಾಡಿಕೊಳ್ಳಬೇಡ, ಮಾತ್ರೆ ತಪ್ಪಿಸಬೇಡ.

ರಾಜು ಮಾವನಿಗೆ ಈ ಕಾಗದ ತೋರಿಸಬೇಡ. ತಿಪಟೂರಿನವರಿಗೆ ಇನ್ನೂ ಹೂಂ ಅಂದಿಲ್ಲ ತಾನೆ? ಅಂದಿದ್ದರೆ ಈ ಕಾಗದಕ್ಕೆ ಕಾಯಬೇಡ, ಅಂಥದ್ದೇನೂ ಆಗಿದ್ದರೆ ಮಿಸ್ಡ್ ಕಾಲ್ ಕೊಡು. ಸುಮಾ ಅಂಗಡಿಗೆ ಹೋದಾಗ.

ಬಟ್ಟೆ ಡ್ರೈಯರ್ ನಿಂತಿತು, ಕೆಳಗೆ ಹೋಗಿ ತೆಗೆಯದಿದ್ದರೆ ಬೇರೆಯವರು ತೆಗೆದು ಆಚೆ ಹಾಕುತ್ತಾರೆ. ಮುಂದಿನ ಸಲ ಚಟ್ನಿಪುಡಿಗೆ ಖಾರ ಕಮ್ಮಿ ಮಾಡು.

ನಿನ್ನ
ವೀಣಾ